ಬಜೆ ತೇಯುವ ಕಲ್ಲು

ಮರಿಮಗುವಿಗೆ ಬಜೆ ತೇಯುವಾಗ ಆ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ತಮ್ಮನೇ ಕಣ್ಣ ಮುಂದೆ ಬರುತ್ತಾನೆ.

ಅವನಿಗೆ ಎರಡು ವರ್ಷ ತುಂಬಿದರೂ ‘ಅವ್ವ’ ಅಂದಿರಲಿಲ್ಲ. ಮಾತು ಬರಲಿ ಅಂತ ಅಜ್ಜಿ ದಿನಾ ಬಜೆ ತೇದು ಅವನ ನಾಲಿಗೆಗೆ ಸವರುತ್ತಿದ್ದಳು.

“ಗಂಡು ಹುಡುಗ್ರಿಗೆ ಮಾತು ತಡ ಕಣೇ. ನಿನ್ ಗಂಡನೂ ಹಿಂಗೇ ಇದ್ದ. ಈಗ ಅವನ ಬಾಯಿ ಮುಚ್ಚಿಸಾಕೆ ಆಗ್ತೈತಾ?” ಅಂದಳು ಅವ್ವನಿಗೆ.

ಅವ್ವ ನಗಲಿಲ್ಲ. ಶಿರಾಳಕೊಪ್ಪದ ಸಂತೆಯಲ್ಲಿ ಯಾರೋ ತಮ್ಮನನ್ನು ಕಿವುಡ ಅಂದಿದ್ದರು. ನನ್ನ ಕೈಗೆ ಹಿತ್ತಾಳೆ ತಟ್ಟೆ, ಸೌಟು ಕೊಟ್ಟು, “ಅವನ ಹಿಂದೆ ನಿಂತ್ಕಂಡು ಬಡಿ” ಅಂದಳು.

ತಮ್ಮ ಅಂಗಳದಲ್ಲಿ ಹುಣಸೆ ಬೀಜ ಹರಡಿಕೊಂಡು ಆಡುತ್ತಿದ್ದ. ಬಡಿದೆ. ಕೋಳಿಗಳು ದಿಕ್ಕಾಪಾಲಾಗಿ ಓಡಿದವು. ಅವನು ತಲೆ ಎತ್ತಲಿಲ್ಲ.

“ಜೋರಾಗಿ ಬಡಿಯೇ!” ಅಂದಳು ಅವ್ವ.

ಇನ್ನೂ ಹತ್ತಿರ ಹೋಗಿ ಬಡಿದೆ. ಇಳಿಬಿಸಿಲಿಗೆ ನನ್ನ ನೆರಳು ಅವನ ಮುಂದಿದ್ದ ಹುಣಸೆ ಬೀಜಗಳ ಮೇಲೆ ಬಿತ್ತು. ಅವನು ಹಿಂತಿರುಗಿ ನೋಡಿ ನಕ್ಕ.

“ಕೇಳ್ತು ಅತ್ತೆ, ಕೇಳ್ತು!” ಅವ್ವ ಅವನನ್ನು ಎತ್ತಿ ಅಪ್ಪಿಕೊಂಡಳು.

ಅಜ್ಜಿ ನೆಲದ ಮೇಲಿನ ನೆರಳನ್ನೇ ನೋಡುತ್ತಿದ್ದಳು.

ಮರುದಿನ ಅವ್ವ ಎಂದಿನಂತೆ ಬಜೆ ತಂದಿಟ್ಟಳು. “ಬ್ಯಾಡ ಬಿಡು” ಅಂದ ಅಜ್ಜಿ, ತೇಯುವ ಕಲ್ಲನ್ನು ತೊಳೆದು ಗೋಡೆಗೆ ಒರಗಿಸಿಟ್ಟಳು.