ಎಡಕ್ಕೆ ಬಂದ ಗುಂಡಿಗಳು

"ಯಂತ್ರ ನಿಲ್ಲಿಸು," ಎಂದಳು ಛೂ ಮಿನ್‌ಲಾನ್. ಪ್ಯಾರಿಸ್ಸಿನ ಫ್ಯಾಷನ್ ಪತ್ರಿಕೆಯೊಂದರ ಚೀನೀ ಆವೃತ್ತಿಗೆ ಅವಳು ಸಂಪಾದಕಿ. ಅಚ್ಚಾಗುತ್ತಿದ್ದ ಹೊಸ ವರ್ಷದ ಮುಖಪುಟದಲ್ಲಿ ಶಾಂಘೈಯ ದರ್ಜಿ ಅಜ್ಜಿಯೊಬ್ಬರು ತಾವೇ ಹೊಲಿದ ಕೆಂಪು ರೇಷ್ಮೆಯ ನಿಲುವಂಗಿ ತೊಟ್ಟು ನಗುತ್ತಿದ್ದರು. ಚೆಂದ ಕಾಣಲೆಂದು ಪ್ಯಾರಿಸ್ಸಿನವರು ಚಿತ್ರವನ್ನು ಎಡಬಲ ತಿರುಗಿಸಿದ್ದರು. ಬಲಗಡೆಯ ಗುಂಡಿಗಳು ಎಡಕ್ಕೆ ಬಂದಿದ್ದವು. ಚೀನಾದಲ್ಲಿ ಹಾಗೆ ತೊಡಿಸುವುದು ಹೆಣಕ್ಕೆ.

"ಅಯ್ಯೋ, ನನ್ನ ಕಣ್ಣಿಗೇನಾಗಿತ್ತು!" ಎಂದ ಮುದ್ರಕ ಔಯಾಂಗ್. "ಆದ್ರೆ ಅಕ್ಕಾ, ಪ್ಯಾರಿಸ್ಸಿನವರು ಒಪ್ಪಿಗೆ ಕೊಟ್ಟಾಗಿದೆ. ಅವರನ್ನ ಕೇಳದೆ ನಿಲ್ಲಿಸಿದ್ರೆ ನಿಮ್ಮ ಕುರ್ಚಿ ಹೋಗುತ್ತೆ."

"ಹೋಗ್ಲಿ ಬಿಡು. ಆ ಅಜ್ಜಿ ಇದನ್ನ ಮೊಮ್ಮಕ್ಕಳ ಎದುರಿಗೇ ಕೈಗೆತ್ಕೊಳ್ತಾರೆ."

ಔಯಾಂಗ್ ಯಂತ್ರ ನಿಲ್ಲಿಸಿದ. ಅವಳು ಪ್ಯಾರಿಸ್ಸಿಗೆ ಫೋನ್ ಮಾಡಿದಳು. "ನಿಲ್ಲಿಸಿದ್ದು ನಾನೇ."