ಬೆಂಕಿ ಬೀಳುವ ಮುಂಚಿನ ನೌಕೆ

ಟಿವಿಯಲ್ಲಿ ಆಕಾಶನೌಕೆ ಸಿಡಿದು ಹೊತ್ತಿಕೊಂಡಾಗ ಮೆಹ್ರೀನಳ ಗೆಳತಿಯರೆಲ್ಲ ಎದ್ದು ಕುಣಿದರು. ವರ್ಷವಿಡೀ ಕಾದಿದ್ದ ಸೀರಿಯಲ್ಲಿನ ಮೊದಲ ಕಂತು ಅದು. "ಎಂಥಾ ಗ್ರಾಫಿಕ್ಸ್ ಕಣೇ!" ಎಂದು ರಮ್ಯಾ ಸಿಳ್ಳೆ ಹೊಡೆದಳು.

ಮೆಹ್ರೀನ್ ಟಿವಿಯ ಹತ್ತಿರಕ್ಕೆ ಸರಿದಳು. ಚನ್ನಪಟ್ಟಣದ ಇದೇ ಮನೆಯಲ್ಲಿ ಕೂತು ಅವಳ ಅಬ್ಬಾ ಮರ ಕಡೆದು, ಕೆಂಪು ಅರಗು ಹಚ್ಚಿ ಮಾಡಿಕೊಟ್ಟ ನೌಕೆ ಅದು. ಅದೇ ಅವರ ಕೊನೆಯ ಕೆಲಸ. ಆಮೇಲೆ ಹಾಸಿಗೆ ಹಿಡಿದವರು ಏಳಲಿಲ್ಲ. ಶೂಟಿಂಗ್ ಮುಗಿದ ಮೇಲೆ ವಾಪಸ್ ಕೊಡುತ್ತೇವೆ ಎಂದು ಸೀರಿಯಲ್ಲಿನವರು ಹೇಳಿದ್ದರು. ಗೆಳತಿಯರಿಗೆ ಆಗ ತೋರಿಸೋಣವೆಂದು ಅವಳು ಗುಟ್ಟಾಗಿಟ್ಟಿದ್ದಳು. ಈಗ ಪರದೆಯ ಮೇಲೆ ಆ ಅರಗು ಕರಗಿ ತೊಟ್ಟಿಕ್ಕುತ್ತಿತ್ತು.

"ನಿಜವಾಗ್ಲೂ ಸುಟ್ಬುಟ್ರಾ ಬೇಟಾ?" ಬಾಗಿಲ ಬಳಿ ನಿಂತಿದ್ದ ಅಮ್ಮಿ ಕೇಳಿದಳು.

"ಹೂಂ ಅಮ್ಮಿ. ಅಬ್ಬಾ ಮಾಡಿದ್ದೇ ಅದು."

ಕುಣಿತ ನಿಂತಿತು. ಮುಖ ಸಪ್ಪಗಾಗಿ ರಮ್ಯಾ ಟಿವಿ ಆರಿಸಲು ರಿಮೋಟ್ ಎತ್ತಿಕೊಂಡಳು.

"ಆರಿಸ್ಬ್ಯಾಡ ಕಣಮ್ಮ. ಒಸಿ ಹಿಂದಕ್ಕೆ ಹಾಕು," ಎಂದಳು ಅಮ್ಮಿ. "ಇನ್ನೂ ಒಸಿ. ಹಾಂ, ಅಲ್ಲೇ ನಿಲ್ಸು."

ಬೆಂಕಿ ಬೀಳುವ ಮುಂಚಿನ ನೌಕೆ ನಕ್ಷತ್ರಗಳ ನಡುವೆ ಇಡಿಯಾಗಿ ನಿಂತಿತು. ಅಮ್ಮಿ ಹತ್ತಿರ ಹೋಗಿ, ಸೆರಗಿನ ತುದಿಯಿಂದ ಅದರ ಮೇಲಿನ ಧೂಳನ್ನು ಮೆಲ್ಲಗೆ ಒರೆಸತೊಡಗಿದಳು.