ಏಳನೆಯ ಹಾಡು

ಏಳನೆಯ ಹಾಡು ಅರ್ಧಕ್ಕೆ ಬಂದಿತ್ತು. ತಂಡದಲ್ಲಿ ಡ್ರಮ್ಸ್ ಬಾರಿಸುವ ತಮ್ಮ, ಹೊಸ ರೆಕಾರ್ಡಿನ ಮೇಲಿಂದ ಸೂಜಿ ಎತ್ತಿ, ಮತ್ತೆ ಆ ಹಾಡಿನ ಮೊದಲಿಗೇ ಇಟ್ಟ. ಗಿಟಾರು ಗೋಡೆ ಕೆಡವುವಂತೆ ಗರ್ಜಿಸುತ್ತಿತ್ತು. ಡ್ರಮ್ಸ್ ಅಚ್ಚುಕಟ್ಟಾಗಿತ್ತು, ಅವನಿಗೇ ಸಂಶಯ ಬರುವಷ್ಟು ಅಚ್ಚುಕಟ್ಟು. ಅವನ ಡ್ರಮ್ಮಿನ ಪೆಡಲ್ ಕಾಲೊತ್ತಿದಾಗಲೆಲ್ಲ ಇಲಿಯಂತೆ ಕೀಚ್ ಎನ್ನುತ್ತಿತ್ತು. ಮೊದಲ ಆರು ಹಾಡುಗಳಲ್ಲೂ ಆ ಸದ್ದು ಕೇಳಿತ್ತು. ಇಲ್ಲಿ ಮಾತ್ರ ಇಲ್ಲ.

"ಯಾಕೋ, ಚೆನ್ನಾಗಿಲ್ವಾ?" ಎಂದ ಅಣ್ಣ. ಗಿಟಾರು ಅವನದು, ತಂಡ ಕಟ್ಟಿದವನೂ ಅವನೇ. ಈ ಮೊದಲ ಆಲ್ಬಮ್ಮಿಗೆ ತಂಡದ ಹೆಸರನ್ನೇ ಇಡಬೇಕೆಂದು ಹಟ ಹಿಡಿದಿದ್ದ. "ಇದರಲ್ಲಿ ನಾವು ನಾಲ್ಕು ಜನ ಬಿಟ್ರೆ ಇನ್ಯಾರೂ ಇಲ್ಲ. ಬೇರೆ ಹೆಸರು ಯಾಕೆ?" ಎಂದು ಎಲ್ಲರ ಬಾಯಿ ಮುಚ್ಚಿಸಿದ್ದ.

"ಪೆಡಲ್ ಸದ್ದೇ ಇಲ್ವಲ್ಲ."

"ನೀನೇ ಬಾರಿಸಿದ್ದು ಕಣೋ! ಏಳನೇದು ಶುರು ಮಾಡೋ ಮುಂಚೆ ಪೆಡಲ್‌ಗೆ ಎಣ್ಣೆ ಬಿಟ್ವಲ್ಲ, ಮರೆತುಬಿಟ್ಯಾ?"

ಯಾರು ಬಾರಿಸಿದ್ದು ಎಂದು ತಮ್ಮ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಎಂಟೂ ಹಾಡುಗಳನ್ನು ಅವರು ಒಂದೇ ದಿನ, ಇದೇ ಸರದಿಯಲ್ಲಿ, ನೀರು ಕುಡಿಯಲೂ ಪುರುಸೊತ್ತಿಲ್ಲದೆ ನುಡಿಸಿ ಮುಗಿಸಿದ್ದರು. ತಮ್ಮ ಸೂಜಿಯನ್ನು ಎತ್ತಿ, ಎಂಟನೆಯ ಹಾಡಿನ ಮೇಲಿಟ್ಟ.

ಕೀಚ್. ಕೀಚ್. ಕೀಚ್.

ಅಣ್ಣ ಕೈಯಲ್ಲಿದ್ದ ರೆಕಾರ್ಡಿನ ಕವರನ್ನು, ನಾಲ್ವರ ಫೋಟೊ ಕೆಳಗಾಗುವಂತೆ, ಮೆಲ್ಲಗೆ ಮೇಜಿನ ಮೇಲೆ ಮಗುಚಿಟ್ಟ.